ಹಕ್ಕಿಯ ಹಿಂದಿನ ಟವರ್

ಘಾಟ್ಕೋಪರಿನಲ್ಲಿ ನಮ್ಮ ಮನೆ ಐದನೇ ಮಾಳಿಗೆಯಲ್ಲಿದೆ. ಚಳಿಗಾಲದಲ್ಲಿ ಕೆಲವು ದಿನ ಬೆಳಗ್ಗೆ ಪೂರ್ವದ ಗಾಳಿ ಬೀಸಿದರೆ ಅಡುಗೆಮನೆಯ ಕಿಟಕಿಯಿಂದ ಖಾಡಿಯ ವಾಸನೆ ಒಳಗೆ ಬರುತ್ತದೆ. ಖಾಡಿಯೆಂದರೆ ಸಮುದ್ರ ಊರಿನ ಮಗ್ಗುಲಿಗೆ ಚಾಚಿಕೊಂಡಿರುವ ಉದ್ದನೆಯ ತೋಳು. ನೀರು ಇಳಿದಾಗ ಅಲ್ಲಿ ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಆ ಕೆಸರಿಗೊಂದು ವಾಸನೆಯಿದೆ: ಉಪ್ಪು, ಕೊಳೆತ ಎಲೆ, ಸ್ವಲ್ಪ ಮೀನು, ಸ್ವಲ್ಪ ಡೀಸೆಲ್. ಮನೆಯಲ್ಲಿ ಉಳಿದವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾರೆ. ನಾನು ಮಾತ್ರ ನಿಂತಲ್ಲೇ ನಿಂತುಬಿಡುತ್ತೇನೆ. ಕಳೆದ ಮಂಗಳವಾರ ಹಾಗೆ ನಿಂತು, ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿ ಗ್ಯಾಸ್ ಆರಿದರೂ ನನಗೆ ಗೊತ್ತಾಗಲಿಲ್ಲ. ಅಮ್ಮ ಬಂದು ನೋಡಿ, ನಿನ್ನ ಹಕ್ಕಿ ಹುಚ್ಚಿಗೆ ಇವತ್ತು ಎಲ್ಲರಿಗೂ ಕಪ್ಪು ಚಹಾ ಎಂದರು. ಹಕ್ಕಿಯ ಹುಚ್ಚಲ್ಲ, ಭಯ ಎಂದು ನಾನು ಹೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಖಾಡಿಯಲ್ಲಿ ಕಳೆದ ಒಂದು ದಿನದ ಪೂರ್ತಿ ಕಥೆಯನ್ನು ಮನೆಯಲ್ಲಿ ಇನ್ನೂ ಬಿಚ್ಚಿಲ್ಲ. ನಿಮಗೆ ಹೇಳುತ್ತೇನೆ. ಜಾಗ ಯಾವುದು ಎಂದು ಮಾತ್ರ ಕೇಳಬೇಡಿ.

ವಿಠಲಣ್ಣನಿಂದ ಶುರುಮಾಡಬೇಕು. ಫೋರ್ಟಿನಲ್ಲಿ ನನ್ನ ಆಫೀಸಿನ ಹಿಂದಿನ ಗಲ್ಲಿಯಲ್ಲಿರುವ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂರುವವರು ಅವರು. ಕುಂದಾಪುರದ ಕಡೆಯವರು, ಐವತ್ತೆಂಟು ದಾಟಿದವರು, ತೂಕವಾದ ಆಳು. ಬಹಳ ವರ್ಷ ನಾನು ಅವರನ್ನು ಗಲ್ಲಾದ ಒಂದು ಭಾಗವೆಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಹೊರಡುವಾಗ ಅವರು ನನ್ನ ಹೆಗಲ ಮೇಲಿಂದ ಬೀದಿಯಾಚೆಯ ಅರಳಿಮರವನ್ನು ನೋಡುತ್ತ, "ಹೊನ್ನಕ್ಕಿ ಬಂತು. ಹೋದ ವರ್ಷಕ್ಕಿಂತ ನಾಲ್ಕು ದಿನ ಲೇಟು" ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ತಿರುಗಿ ನೋಡಿದೆ. ಎಲೆಗಳ ನಡುವೆ ಅರಿಶಿನ ಮೆತ್ತಿದಂಥ ಒಂದು ಹಕ್ಕಿ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು. ಕಪ್ಪೆಯ ಹೊಟ್ಟೆ ಸೀಳಿ ಒಳಗೇನಿದೆಯೆಂದು ನೋಡಿದ್ದೆ, ದಿನಾ ಹಾದುಹೋಗುವ ಮರವನ್ನು ತಲೆಯೆತ್ತಿ ನೋಡಿರಲಿಲ್ಲ.

ಆಮೇಲೆ ನಾನು ಹಕ್ಕಿ ನೋಡುವ ಅವರ ಗುಂಪಿಗೆ ಸೇರಿದೆ. ಫೋನಿನಲ್ಲಿ ನಲವತ್ತು ಚಿಲ್ಲರೆ ಜನರ ಗುಂಪು. ಬ್ಯಾಂಕಿನವರು, ಟೀಚರುಗಳು, ಬಾಂದ್ರಾದ ಒಬ್ಬ ಹಲ್ಲಿನ ಡಾಕ್ಟರು, ಅವರಿಗಿಂತ ಹೆಚ್ಚು ಹಕ್ಕಿ ಬಲ್ಲ ಅವರ ಕಾಂಪೌಂಡರು. ಭಾನುವಾರ ಬೆಳಗಾದರೆ ಯಾವ ಹಕ್ಕಿ ಬಂತು, ಯಾವುದು ಹೊರಟಿತು ಎಂಬ ಸಂದೇಶಗಳು ಟಣಟಣ ಬೀಳುತ್ತಿದ್ದವು. ಈ ಗುಂಪಿಗೆ ಒಂದೇ ಕಾಯಿದೆ, ಅದು ವಿಠಲಣ್ಣ ಮಾಡಿದ್ದು: ಅಪರೂಪದ ಹಕ್ಕಿಯ ಹೆಸರು ಹೇಳಬಹುದು, ಅದರ ವಿಳಾಸ ಹೇಳಬಾರದು. ಹಿಂದೊಮ್ಮೆ ಒಂದು ಗೂಬೆಯ ಜಾಗ ಬಯಲಾಗಿ, ಮರುದಿನವೇ ಉದ್ದುದ್ದ ಲೆನ್ಸು ಹೊತ್ತವರು ಮದುವೆ ದಿಬ್ಬಣದ ಹಾಗೆ ಬಂದು, ಅಡ್ಡ ಬಂದ ಕೊಂಬೆಗಳನ್ನೆಲ್ಲ ಮುರಿದುಹಾಕಿದ್ದರಂತೆ. ಆದ್ದರಿಂದ ಫೋಟೋ ಹಾಕುವ ಮೊದಲು ಹಕ್ಕಿಯನ್ನು ಮಾತ್ರ ಉಳಿಸಿ ಸುತ್ತಲಿನದೆಲ್ಲ ಕತ್ತರಿಸಬೇಕು. ಜಾಗದ ಹೆಸರಿನ ಬದಲು 'ಪೂರ್ವ ತೀರ' ಎಂದೋ 'ಉತ್ತರದ ಕಾಡು' ಎಂದೋ ಬರೆಯಬೇಕು. ವಿಠಲಣ್ಣನ ಜತೆ ಹೋಗುವುದಾದರೆ ಫೋನಿನ ಲೊಕೇಶನ್ ಕೂಡ ಆಫ್ ಮಾಡಬೇಕಿತ್ತು. ಅರ್ಧ ದಾರಿಯಲ್ಲೇ ಇಳಿದು ರಿಕ್ಷಾದವನನ್ನು ಕಳಿಸಿಬಿಡುತ್ತಿದ್ದರು. ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಹಾಗೆ ಒಮ್ಮೆ ತಿರುಗಿ ನೋಡಿಯೇ ಹೆಜ್ಜೆಯಿಡುತ್ತಿದ್ದರು.

ಕಾಯಿದೆ ಇದ್ದಲ್ಲಿ ಕಳ್ಳಾಟವೂ ಇರುತ್ತದಲ್ಲ. ನಾವೆಲ್ಲರೂ ಗುಟ್ಟಾಗಿ ಒಂದು ಆಟ ಆಡುತ್ತಿದ್ದೆವು. ಬೇರೆಯವರ ಫೋಟೋ ಬಂದೊಡನೆ ಹಕ್ಕಿಯನ್ನು ಅರೆಕ್ಷಣ ನೋಡಿ, ಕತ್ತರಿಸುವಾಗ ಮೂಲೆಯಲ್ಲಿ ಉಳಿದುಹೋದ ಗೋಡೆಯನ್ನೋ ತಂತಿಯನ್ನೋ ದೊಡ್ಡದು ಮಾಡಿ, ಇದು ಎಲ್ಲಿಯದು ಎಂದು ಊಹಿಸುವುದು. ನಾನೂ ಮಾಡುತ್ತಿದ್ದೆ, ಸಾಮಾನ್ಯವಾಗಿ ತಪ್ಪುತ್ತಿದ್ದೆ. ಎಂದೂ ತಪ್ಪದವನೆಂದರೆ ಬಸವರಾಜ. ಬಾಗಲಕೋಟೆಯ ಕಡೆಯವನು, ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್. ಪೂರ್ವದ ಉಪನಗರಗಳ ಎಷ್ಟೋ ಬಿಲ್ಡಿಂಗುಗಳಿಗೆ ಸೆಂಟ್ರಿಂಗ್, ಅಂದರೆ ಸ್ಲ್ಯಾಬು ಹಾಕುವ ಮೊದಲಿನ ಹಲಗೆ, ಹೊಡೆಸಿದವನು ಅವನೇ. ಇಪ್ಪತ್ತನೇ ಮಾಳಿಗೆಯ ಸ್ಲ್ಯಾಬಿನ ಮೇಲೆ ನಿಂತು ಖಾಡಿಯನ್ನು ದಿನವೂ ನೋಡಿದವನು. ಫೋಟೋದ ಮೂಲೆಯಲ್ಲಿ ಒಂದು ಹಿಡಿ ಬಣ್ಣ ಕಂಡರೂ ಅದು ಯಾವ ನೀರಿನ ಟಾಕಿ ಎಂದು ಹೇಳಿಬಿಡುತ್ತಿದ್ದ. ಉಳಿದ ನಾವೆಲ್ಲ ಊಹಿಸಿ ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಅವನಿಗೆ ಆ ಕಪಟ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಯಾರೋ ಹಾಕಿದ ಒಂದು ಗೂಡಿನ ಫೋಟೋಗೆ, ಇದು ಇಂಥ ಟಾಕಿಯ ಹಿಂದಿನ ಆಲದ ಮರವಲ್ಲವೇ ಎಂದು ಖುಷಿಯಿಂದ ಎಲ್ಲರೆದುರೇ ಕೇಳಿಬಿಟ್ಟ. ಆ ವಾರ ಅಲ್ಲಿಗೆ ಕ್ಯಾಮೆರಾಗಳ ಜಾತ್ರೆ ನೆರೆಯಿತು. ತಾಯಿಹಕ್ಕಿ ಗೂಡು ಬಿಟ್ಟಿತು.

ಗುಂಪಿನಿಂದ ಅವನನ್ನು ತೆಗೆ ಎಂದರು ವಿಠಲಣ್ಣ. ಅಡ್ಮಿನ್ ನಾನು. ಸುದ್ದಿಯನ್ನು ಹೊರಗೆ ಹಬ್ಬಿಸಿದವರು ಬೇರೆ ಯಾರೋ ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೂ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುತ್ತಲೇ ಒಂದು ಬೆರಳಿನಲ್ಲಿ ಅವನ ಹೆಸರು ಅಳಿಸಿದೆ. ಅವನ ನಂಬರನ್ನು ಫೋನಿನಿಂದ ಅಳಿಸುವ ಧೈರ್ಯ ನನಗೆ ಆಗಲಿಲ್ಲ, ಮಾತಾಡಿಸುವ ಧೈರ್ಯವೂ ಆಗಲಿಲ್ಲ.

ಈಗ ಹಕ್ಕಿಗೆ ಬರುತ್ತೇನೆ. ಕ್ರ್ಯಾಬ್ ಪ್ಲೋವರ್ ಎಂದು ಇದರ ಹೆಸರು. ಕನ್ನಡದಲ್ಲಿ ಏನೆನ್ನುತ್ತಾರೋ ತಿಳಿಯದು, ವಿಠಲಣ್ಣ ಏಡಿಹಕ್ಕಿ ಎನ್ನುತ್ತಿದ್ದರು. ಬೆಳ್ಳನೆಯ ಮೈ, ಕರಿಯ ಬೆನ್ನು, ಉದ್ದನೆಯ ಕಾಲು, ಮೈಗೆ ಹೊಂದದಷ್ಟು ದಪ್ಪನೆಯ ಕಪ್ಪು ಕೊಕ್ಕು. ಚಳಿಗಾಲದಲ್ಲಿ ಕಡಲಂಚಿಗೆ ಬರುತ್ತದೆ, ನಮ್ಮ ಖಾಡಿಯಲ್ಲಿ ಕಾಣುವುದು ತೀರಾ ಅಪರೂಪ. ಎಂಟು ವರ್ಷದ ಹಿಂದೆ ವಿಠಲಣ್ಣ ಒಂದನ್ನು ಕಂಡಿದ್ದರು. ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇರಲಿಲ್ಲ. ಅವರು ಕಳಿಸಿದ ಫೋಟೋದಲ್ಲಿದ್ದದ್ದು ಒಂದು ಬಿಳಿ ಚುಕ್ಕೆ. ಅಪರೂಪದ ದಾಖಲೆಗಳನ್ನು ಪರಿಶೀಲಿಸುವ ಹಿರಿಯರು ಇದ್ದಾರೆ. ಅವರು, ಪುರಾವೆ ಸಾಲದು, ಬಹುಶಃ ಕಡಲಕ್ಕಿ ಇರಬೇಕು ಎಂದು ಸಭ್ಯವಾಗಿಯೇ ಬರೆದರು. ವಿಠಲಣ್ಣ ಆ ಸಭ್ಯತೆಯನ್ನು ಎಂಟು ವರ್ಷ ನುಂಗಲಾರದೆ ಬಾಯಲ್ಲಿಟ್ಟುಕೊಂಡಿದ್ದರು. ಗಲ್ಲಾದ ಮೇಲೆ ಕೂತವನ ಕಣ್ಣನ್ನು ಯಾರು ನಂಬುತ್ತಾರೆ ಮಾರಾಯ್ತಿ, ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ಅದು ನಗು ಎಂದು ನನಗೆ ಅನ್ನಿಸಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ನಾವಿಬ್ಬರೇ ಹೋಗಿದ್ದೆವು. ರಿಕ್ಷಾ ಬಿಟ್ಟು, ಉಪ್ಪಿನಗದ್ದೆಯ ಬದುಗಳ ಮೇಲೆ ಮುಕ್ಕಾಲು ಗಂಟೆ ನಡೆದು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಪೊದೆಗಳ ನಡುವೆ ನುಸುಳಿ, ಮಣ್ಣಿನ ಒಂದು ಒಡ್ಡಿಗೆ ಬಂದೆವು. ಎದುರು ಬಯಲಾದ ಕೆಸರು, ಅದರಾಚೆ ಇಳಿದ ನೀರು. ವಿಠಲಣ್ಣ ದುರ್ಬೀನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕ್ಯಾಮೆರಾ ಎತ್ತು ಎಂದಷ್ಟೇ ಹೇಳಿದರು.

ಅದು ಇತ್ತು. ಒಂಟಿಯಾಗಿ ನಿಂತು, ಒಂದು ಏಡಿಯ ಕಾಲನ್ನು ಕೊಡವಿ ಕೊಡವಿ ಕೀಳುತ್ತಿತ್ತು. ನಾನು ಹತ್ತಾರು ಫೋಟೋ ತೆಗೆದೆ. ನಮ್ಮವರೆಲ್ಲ ಮಾಡುವ ಹಾಗೆ ಕ್ಯಾಮೆರಾದ ಹಿಂದಿನ ಪರದೆಯನ್ನೇ ಫೋನಿನಲ್ಲಿ ಫೋಟೋ ತೆಗೆದು, ಹಕ್ಕಿಯ ಸುತ್ತ ಕತ್ತರಿಸಿ, 'ಪೂರ್ವ ತೀರ, ಈಗ' ಎಂದು ಗುಂಪಿಗೆ ಕಳಿಸಿದೆ. ದೂರ ಹೆಚ್ಚಾಗಿ ಚಿತ್ರ ಮಂಜಾಗಿತ್ತು. ವಿಠಲಣ್ಣ ನೋಡಿ, ಇದಕ್ಕೂ ಹಾಗೇ ಹೇಳುತ್ತಾರೆ ಎಂದರು. ತಮ್ಮ ಪುಟ್ಟ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಒಡ್ಡಿನಿಂದ ಇಳಿದರು. ಕೆಸರಿಗೆ ಇಳಿಯಬಾರದೆಂದು ಹತ್ತು ವರ್ಷ ನಮಗೆ ಪಾಠ ಹೇಳಿದವರು ಅವರು. ನಾನು ಬೇಡ ಎನ್ನಲಿಲ್ಲ. ನನಗೂ ಆ ಫೋಟೋ ಬೇಕಿತ್ತು.

ನಲವತ್ತು ಹೆಜ್ಜೆ ಸರಿಯಾಗಿ ಹೋದರು. ನಲವತ್ತೊಂದನೆಯದಕ್ಕೆ ಒಂದು ಕಾಲು ಮೊಣಕಾಲಿನವರೆಗೆ ಹೂತಿತು. ಅದನ್ನು ಕೀಳಲು ಇನ್ನೊಂದರ ಮೇಲೆ ಭಾರ ಹಾಕಿದಾಗ ಎರಡೂ ತೊಡೆಯವರೆಗೆ ಹೋದವು. ಮೊದಲು ಇಬ್ಬರೂ ನಕ್ಕೆವು. ಐದು ನಿಮಿಷದ ನಂತರ ಯಾರೂ ನಗುತ್ತಿರಲಿಲ್ಲ. ನಾನು ಇಳಿಯಹೋದೆ. "ನೀನು ಬಂದರೆ ಇಬ್ಬರನ್ನು ಎಳೆಯಬೇಕಾಗ್ತದೆ. ಅಲ್ಲೇ ನಿಲ್ಲು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, ನೀರು ತಿರುಗಿತು, ಇನ್ನು ಏರ್ತದೆ ಎಂದರು.

ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನದಿಂದ ಯಾವ ರಸ್ತೆ, ಹತ್ತಿರ ಏನಿದೆ ಎಂದು ಹಿಂದಿಯಲ್ಲಿ ಕೇಳಿದರು. ರಸ್ತೆಯೇ ಇರಲಿಲ್ಲ. ಫೋನಿನ ಲೊಕೇಶನ್ ಹಾಕಿದರೆ ನೀಲಿ ಚುಕ್ಕೆ ಒಮ್ಮೆ ಖಾಡಿಯ ನಡುವೆ, ಒಮ್ಮೆ ಆಚೆ ದಡಕ್ಕೆ ಕುಪ್ಪಳಿಸುತ್ತಿತ್ತು. ವಿಠಲಣ್ಣನನ್ನೇ ಕೂಗಿ ಕೇಳಿದೆ. ಅವರು ಕೆಸರಿನಲ್ಲಿ ನಿಂತೇ ಕೂಗಿ ಹೇಳಿದರು: "ಮೀನುಡೇಗೆ ಕೂರ್ತಿತ್ತಲ್ಲ ಒಣಮರ, ಅದರ ಎಡಕ್ಕೆ. ಹೋದ ವರ್ಷ ಬಾತುಗಳು ಇಳಿದ ಹೊಂಡದಿಂದ ಸೀದಾ." ನಾನು ಅದನ್ನೇ ನಿಷ್ಠೆಯಿಂದ ಹಿಂದಿಗೆ ತರ್ಜುಮೆ ಮಾಡಿದೆ. ಆ ಹೆಂಗಸು, ಗಾಡಿ ಕಳಿಸುತ್ತೇವೆ, ಏನಾದರೂ ಗುರುತು ಹುಡುಕಿ ಹೇಳಿ ಎಂದರು. ಮೂವತ್ತು ವರ್ಷ ಈ ತೀರದಲ್ಲಿ ತಿರುಗಿದ ಮನುಷ್ಯನಿಗೆ ಅಲ್ಲಿನ ಒಂದು ಜಾಗದ ಹೆಸರೂ ಗೊತ್ತಿರಲಿಲ್ಲ. ಅವರ ತಲೆಯೊಳಗಿನ ನಕ್ಷೆಯಲ್ಲಿ ಬರೀ ಹಕ್ಕಿಗಳೇ ಇದ್ದವು.

ಅಷ್ಟರಲ್ಲಿ ಕೈಯಲ್ಲಿ ಫೋನು ಟಣಟಣ ಎನ್ನುತ್ತಿತ್ತು. ಗುಂಪಿನವರು ಚಪ್ಪಾಳೆ, ಹೂಗುಚ್ಛ, ಅಭಿನಂದನೆ ಕಳಿಸುತ್ತಿದ್ದರು. ವಿಠಲಣ್ಣ ಕೆಸರಿನಲ್ಲಿ ಸಿಕ್ಕಿದ್ದಾರೆ, ನೀರು ಏರುತ್ತಿದೆ ಎಂದು ಬರೆದೆ. ಎಲ್ಲಿ, ಎಲ್ಲಿ, ಎಲ್ಲಿ ಎಂದು ಇಪ್ಪತ್ತು ಸಂದೇಶ ಒಟ್ಟಿಗೆ ಬಂದವು. ಎಂದೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಎಲ್ಲರೂ ಒಟ್ಟಿಗೆ ಕೇಳಿದ್ದರು.

ಆಗ ಬಸವರಾಜನ ನಂಬರ್ ಒತ್ತಿದೆ. ಮೂರನೇ ರಿಂಗಿಗೆ ಎತ್ತಿಕೊಂಡ. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗಡಗಡ. ನಾನು ಏನು ಹೇಳಿದೆನೋ ನೆನಪಿಲ್ಲ. ಕತ್ತರಿಸಿದ್ದ ಅದೇ ಫೋಟೋವನ್ನು ಅವನಿಗೂ ಕಳಿಸಿದೆ ಎಂಬುದು ನೆನಪಿದೆ. ಅವನು ನೋಡಿ ಹೇಳಿದ ಮಾತನ್ನು ಮರೆಯಲಾರೆ.

"ಅಕ್ಕಾರ, ನನಗ ಹಕ್ಕಿ ಬ್ಯಾಡ್ರಿ. ಹಕ್ಕಿ ಹಿಂದ ಏನೈತಿ, ಅದನ್ನ ಕಳಸ್ರಿ."

ಕ್ಯಾಮೆರಾದ ಪರದೆಯಲ್ಲಿ ಪೂರ್ತಿ ಚಿತ್ರ ತೆಗೆದು, ಒಂದು ಮೂಲೆಯನ್ನೂ ಕತ್ತರಿಸದೆ ಕಳಿಸಿದೆ. ಹಕ್ಕಿಯ ಹಿಂದೆ ದೂರದಲ್ಲಿ ಒಂದು ಕರೆಂಟಿನ ಟವರ್, ಅದರ ಬುಡದಲ್ಲಿ ಒಂದು ಮುರುಕು ದೋಣಿ, ಪಕ್ಕದಲ್ಲಿ ಬಲೆ ಕಟ್ಟುವ ಗೂಟಗಳ ಸಾಲು. ನಾನು ಅವನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಅವನು ಅದನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ, "ಗೊತ್ತಾತ್ರಿ. ನಮ್ಮ ಸೈಟಿನಿಂದ ದೂರಿಲ್ಲ. ಅಣ್ಣಾರಿಗೆ ಹಿಂದಕ್ಕ ಒರಗಾಕ ಹೇಳ್ರಿ, ಮಲಗಿದಂಗ. ಒದ್ದಾಡಬಾರದು" ಎಂದ. ಎಮರ್ಜೆನ್ಸಿಯವರಿಗೆ ದಾರಿಯನ್ನೂ ತಾನೇ ಹೇಳುತ್ತೇನೆಂದ.

ಆ ಮೇಲಿನ ಅರ್ಧ ಗಂಟೆಯೇ ನನಗೆ ಮತ್ತೆ ಮತ್ತೆ ಬರುವುದು. ಹಕ್ಕಿ ನೋಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ: ನೀರು ಏರುವಾಗ ಅದರ ಅಂಚಿನಲ್ಲಿ ಮೇಯುವ ಹಕ್ಕಿಗಳೂ ದಡದ ಕಡೆ ಸರಿಯುತ್ತವೆ. ನಾವು ಒಡ್ಡಿನ ಮೇಲೆ ಕೂತು ಕಾಯುವುದೇ ಅದಕ್ಕೆ. ಹತ್ತಿರ ಬಾ, ಇನ್ನೂ ಹತ್ತಿರ ಬಾ ಎಂದು ಮನಸ್ಸಿನಲ್ಲೇ ಬೇಡುತ್ತೇವೆ. ಆ ದಿನವೂ ಅವು ಬಂದವು. ಉದ್ದ ಕೊಕ್ಕಿನ ನೂರಾರು ಹಕ್ಕಿಗಳು, ಅವುಗಳ ಕಾಲಿನ ಬಳಿಯೇ ತೆಳ್ಳಗೆ ಹೊಳೆಯುವ ನೀರಿನ ಗೆರೆ. ಒಂದೊಂದು ಹಕ್ಕಿ ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ, ಬರಬೇಡ, ಅಲ್ಲೇ ನಿಲ್ಲು ಎಂದು ಬೇಡುತ್ತಿದ್ದೆ. ಅವು ವಿಠಲಣ್ಣನನ್ನು ಹಳೆಯ ಗೂಟವೊಂದೆಂದು ಬಗೆದು ಅಕ್ಕಪಕ್ಕದಲ್ಲೇ ಮೇಯುತ್ತ ದಾಟಿದವು. ಹಿಂದೆಯೇ ನೀರು ಬಂತು. ಹೆದರಿಕೆ ಮುಚ್ಚಲು ನಾನು, ಯಾವ ಹಕ್ಕಿ ಎಷ್ಟಿವೆ ಎಣಿಸಿ ಹೇಳಿ ಎಂದು ಕೂಗಿದೆ. ಅವರು ಹಿಂದಕ್ಕೆ ಒರಗಿ, ಮುಖ ಮುಗಿಲಿಗೆ ಮಾಡಿ, ತಲೆ ಪಕ್ಕಕ್ಕೆ ಹೊರಳಿಸಿ ಎಣಿಸಿದರು. ಇನ್ನೂರ ಹತ್ತರವರೆಗೆ ದನಿ ಗಟ್ಟಿಯಿತ್ತು. ಆಮೇಲೆ ಎಣಿಕೆ ನಿಂತಿತು. ಮನೆಗೆ ಫೋನ್ ಮಾಡುವುದು ಬೇಡ, ಹೆಂಡತಿಗೆ ಬಿ.ಪಿ. ಇದೆ ಎಂದರು. ನೀರು ಅವರ ಸೊಂಟ ದಾಟಿ ಹೊಟ್ಟೆಗೆ ಬಂದಿತ್ತು.

ಒಡ್ಡಿನ ಮೇಲೆ ಟೆಂಪೋದ ಸದ್ದು ಕೇಳಿತು. ಅಲ್ಲಿಗೆ ಗಾಡಿ ಬರಬಹುದೆಂದೇ ನನಗೆ ಗೊತ್ತಿರಲಿಲ್ಲ. ಬಸವರಾಜ ಮತ್ತು ಇಬ್ಬರು ಕೂಲಿಯವರು ಹಾರಿಳಿದರು. ಗಾಡಿಯ ತುಂಬ ಸೆಂಟ್ರಿಂಗಿನ ಹಲಗೆಗಳು, ಒಂದು ಹಗ್ಗ. ನನ್ನ ಕಡೆ ತಿರುಗಿಯೂ ನೋಡದೆ ಕೆಸರಿನ ಮೇಲೆ ಹಲಗೆ ಹಾಸುತ್ತ ಹೋದರು. ಸ್ಲ್ಯಾಬು ಹಾಕುವ ದಿನ ಹಾಸುವಷ್ಟೇ ಚುರುಕಾಗಿ, ಹಿಂದಿನದನ್ನು ಎತ್ತಿ ಮುಂದಕ್ಕೆ ದಾಟಿಸುತ್ತ. ಬಸವರಾಜ ಕೊನೆಯ ಹಲಗೆಯ ಮೇಲೆ ಬೋರಲು ಮಲಗಿ, ನೀರೊಳಗೆ ಭುಜದವರೆಗೆ ಕೈ ಹಾಕಿ, ವಿಠಲಣ್ಣನ ತೊಡೆಯ ಸುತ್ತ ಕೆಸರು ಕೆದಕತೊಡಗಿದ. ಅವರ ಕಂಕುಳಿಗೆ ಹಗ್ಗ ಸುತ್ತಿದ್ದಾಯಿತು. ನನಗೆ ಅವರ ಮಾತು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಣ್ಣಾರ, ಈ ಜಾಗ ಯಾರಿಗಾರ ಹೇಳಬಹುದೇನ್ರಿ, ಇಲ್ಲಾ ಗುಟ್ಟೇನು?"

"ಮೊದಲು ಎಳಿ ಮಾರಾಯ. ಆಮೇಲೆ ಪೇಪರಿಗೆ ಬೇಕಾದರೂ ಕೊಡು."

ಒಂದು ಕಾಲು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಬೂಟುಗಳು ಅಲ್ಲೇ ಉಳಿದವು. ಹಲಗೆಯ ಮೇಲೆ ಅಂಗಾತ ಬಿದ್ದ ವಿಠಲಣ್ಣ ಮೀನಿನಂತೆ ಬಾಯಿ ತೆರೆದು ಉಸಿರಾಡಿದರು. ಆಮೇಲೆ ಕೈಯೆತ್ತಿ ಏನನ್ನೋ ತೋರಿಸಿದರು. ದಡದ ಕಡೆ ಇಪ್ಪತ್ತು ಅಡಿ ದೂರದಲ್ಲಿ, ಈ ಗದ್ದಲಕ್ಕೆಲ್ಲ ಸೊಪ್ಪು ಹಾಕದೆ, ಏಡಿಹಕ್ಕಿ ನಿಂತಿತ್ತು. ಬಸವರಾಜ ಕೆಸರು ಮೆತ್ತಿದ ಮುಖವೆತ್ತಿ ನೋಡಿದ. ಅವರು ತಮ್ಮ ಕೊರಳಿನ ಕ್ಯಾಮೆರಾ ತೋರಿಸಿದರು. ಅದರಿಂದ ನೀರು ಸೋರುತ್ತಿತ್ತು. ಬಸವರಾಜ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನು ತೆಗೆದು, ಮಲಗಿದಲ್ಲಿಂದಲೇ ನಾಲ್ಕು ಫೋಟೋ ಹೊಡೆದ. ಅಷ್ಟರಲ್ಲಿ ಎಮರ್ಜೆನ್ಸಿಯವರೂ ಬಂದರು, ಹೊದಿಕೆ ಹೊದಿಸಿ ವಿಠಲಣ್ಣನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡರು. ಒಡ್ಡಿನ ಮೇಲೆ ಕೂತು ಅತ್ತವಳು ನಾನೊಬ್ಬಳೇ. ಕೂಲಿಯವರಲ್ಲಿ ಒಬ್ಬ ಬಂದು, ತಾಯಿ, ಮುಗೀತಲ್ಲ ಎಂದು ತನ್ನ ನೀರಿನ ಬಾಟಲಿ ಕೊಟ್ಟ.

ವಿಠಲಣ್ಣ ಎರಡು ದಿನ ಆಸ್ಪತ್ರೆಯಲ್ಲಿದ್ದು ಮೂರನೇ ದಿನ ಗಲ್ಲಾಕ್ಕೆ ಬಂದರು. ಅದರ ಮರುದಿನ ಬಸವರಾಜನನ್ನು ಊಟಕ್ಕೆ ಕರೆಸಿದರು. ಗಲ್ಲಾ ಬಿಟ್ಟು ಅವರು ಎದ್ದದ್ದನ್ನು ಆ ಹೋಟೆಲಿನಲ್ಲಿ ನಾವು ಯಾರೂ ನೋಡಿರಲಿಲ್ಲ. ಅಂದು ಎದ್ದು, ಮಾಣಿಯ ಕೈಯಿಂದ ತಟ್ಟೆ ತೆಗೆದುಕೊಂಡು, ತಾವೇ ಬಡಿಸಿದರು. ಎರಡನೇ ಸಲ ಸಾರು ಹಾಕುವಾಗ, "ಆ ಗೂಡಿನ ವಿಷಯದಲ್ಲಿ ನಿಂದು ತಪ್ಪಿರಲಿಲ್ಲ. ಗೊತ್ತಿದ್ದೂ ತೆಗೆಸಿದೆ" ಎಂದರು. ನಾನು ನನ್ನ ತಟ್ಟೆ ನೋಡುತ್ತ, ಅಳಿಸಿದ್ದು ನಾನು ಎಂದೆ. ಬಸವರಾಜ ತುತ್ತು ನುಂಗಿ, ಹಪ್ಪಳ ಐತೇನ್ರಿ ಅಣ್ಣಾರ ಎಂದು ಕೇಳಿದ. ಊಟ ಮುಗಿಯುವ ಮೊದಲೇ ನಾನು ಅವನ ಹೆಸರನ್ನು ಗುಂಪಿಗೆ ಸೇರಿಸಿದೆ.

ದಾಖಲೆಗೆ ಅವನ ಫೋಟೋವನ್ನೇ ಕಳಿಸಿದೆವು. ಕೊಕ್ಕಿನ ದಪ್ಪ, ಬೆನ್ನಿನ ಕರಿ, ಬಾಯಲ್ಲಿದ್ದ ಏಡಿ, ಎಲ್ಲ ಕಾಣುತ್ತಿದ್ದವು. ಹಿರಿಯರು ಹತ್ತು ದಿನದಲ್ಲಿ ಒಪ್ಪಿದರು. ನೋಡಿದವರು ಎಂಬ ಕಡೆ ಮೂರು ಹೆಸರಿವೆ. ಎಂಟು ವರ್ಷದ ಹಿಂದಿನ ಬಿಳಿ ಚುಕ್ಕೆಯನ್ನೂ ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದು ಕೆಳಗೆ ಒಂದು ಸಾಲು ಬರೆದಿದ್ದರು. ವಿಠಲಣ್ಣ ಆ ಸಾಲನ್ನು ಪ್ರಿಂಟ್ ತೆಗೆಸಿ ಗಲ್ಲಾದ ಗಾಜಿನ ಕೆಳಗೆ ಇಟ್ಟಿದ್ದಾರೆ. ಊಟಕ್ಕೆ ಬರುವವರು ಅದನ್ನು ಓದಿ, ಏನೂ ಅರ್ಥವಾಗದೆ, ಸೋಂಪು ತೆಗೆದುಕೊಂಡು ಹೋಗುತ್ತಾರೆ.

ಈಗ ಗುಂಪಿನಲ್ಲಿ ಇನ್ನೊಂದು ಕಾಯಿದೆ ಬಂದಿದೆ. ಎಲ್ಲರಿಗೂ ಜಾಗ ಹೇಳುವುದಿಲ್ಲ, ಆದರೆ ಹೊರಡುವ ಮೊದಲು ಒಬ್ಬರಿಗೆ ಪೂರ್ತಿ ಹೇಳಿರಬೇಕು, ಕತ್ತರಿಸದ ಒಂದು ಫೋಟೋವನ್ನೂ ಕಳಿಸಬೇಕು. ಇದು ಚೆನ್ನಾಗಿ ನಡೆಯುತ್ತಿದೆ. ನಡೆಯದೆ ಇದ್ದದ್ದು ನಾನು. ಆ ದಿನದ ನಂತರ ನಾನು ಖಾಡಿಯ ಕಡೆ ಹೋಗಿರಲಿಲ್ಲ. ಕಾಡಿನ ಹಕ್ಕಿಗಳೇ ನನಗಿಷ್ಟ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಮೊನ್ನೆ ಭಾನುವಾರ ಬಸವರಾಜ ಗುಂಪಿನವರಿಗೆಲ್ಲ ಕೆಸರಿನ ಪಾಠ ಇಟ್ಟಿದ್ದ. ಮೊಣಕಾಲಿಗಿಂತ ಆಳವಿಲ್ಲದ ಜಾಗ, ನೀರು ಇಳಿಯುವ ಹೊತ್ತು, ದಡದಲ್ಲಿ ಹಲಗೆ ಮತ್ತು ಹಗ್ಗ. ಒಡ್ಡಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಿಠಲಣ್ಣ. ಹಲ್ಲಿನ ಡಾಕ್ಟರು ಬಾಂದ್ರಾದಿಂದ ಬಿಳಿ ಪ್ಯಾಂಟಿನಲ್ಲಿ ಬಂದು, ಹೋಗುವಾಗ ಎಮ್ಮೆಯ ಬಣ್ಣದಲ್ಲಿ ಹೋದರು. ನನ್ನ ಸರದಿ ಬಂದಾಗ ಕಾಲು ಏಳಲಿಲ್ಲ. ಅವಸರ ಇಲ್ರೀ ಅಕ್ಕಾರ ಎಂದ ಬಸವರಾಜ. ಹೇಳಿ ಸುಮ್ಮನೆ ಬೇರೆ ಕಡೆ ನೋಡುತ್ತ ನಿಂತ.

ಇಳಿದೆ. ಎರಡು ಹೆಜ್ಜೆಗೆ ಕೆಸರು ಬಲಗಾಲನ್ನು ಕಚ್ಚಿಕೊಂಡಿತು. ತಣ್ಣನೆಯ ಬಾಯಿಯೊಂದು ಹಿಡಿದು ಚೀಪುವ ಹಾಗೆ. ವಿಠಲಣ್ಣನಿಗೆ ಆ ದಿನ ಏನಾಗಿತ್ತೆಂದು ಆಗ ಗೊತ್ತಾಯಿತು. ಎಳೆಯಬೇಕು, ಓಡಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ಬಸವರಾಜ ಕಲಿಸಿದ್ದಂತೆ ಹಿಂದಕ್ಕೆ ಒರಗಿದೆ. ಬೆನ್ನು ಕೆಸರಿಗೆ ತಾಗಿತು, ಕೂದಲು ತಾಗಿತು, ಕಣ್ಣೆದುರು ಬರೀ ಆಕಾಶ. ಕಾಲನ್ನು ಎಳೆಯದೆ, ಬೆರಳುಗಳನ್ನು ಆಡಿಸಿದೆ. ಸುತ್ತ ಒಂದಿಷ್ಟು ಜಾಗವಾಗಿ ನೀರು ಒಳಗೆ ಇಳಿಯಿತು. ಮತ್ತೆ ಆಡಿಸಿದೆ. ಹಿಡಿತ ಸ್ವಲ್ಪ ಸಡಿಲವಾಯಿತು. ಎಷ್ಟು ಹೊತ್ತಾಯಿತೋ ತಿಳಿಯದು. ಯಾರೂ ಹತ್ತಿರ ಬರಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಬುಳಕ್ ಎಂಬ ಅತ್ಯಂತ ಅಸಭ್ಯವಾದ ಸದ್ದಿನೊಂದಿಗೆ ನನ್ನ ಕಾಲು ಹೊರಗೆ ಬಂತು. ನಾನೇ ತೆಗೆದುಕೊಂಡ ನನ್ನ ಸ್ವಂತ ಕಾಲು. ಅಂಗಾತ ಮಲಗಿಯೇ ಅದನ್ನು ಆಕಾಶಕ್ಕೆ ಎತ್ತಿ ಹಿಡಿದೆ, ಎಲ್ಲರಿಗೂ ಕಾಣಲಿ ಎಂದು.